ಶಾಸಕ ಬ್ರಾಡ್‌ನಾಕ್ಸ್ ನಮ್ಮ ಚರ್ಚಿಗೆ ಬಂದದ್ದು

ಹಾಲಿಸ್ ಬ್ರಾಡ್‌ನಾಕ್ಸ್ ಸಾಹೇಬರಷ್ಟು ಕಾನೂನು ಬಲ್ಲವರು ಮಿಸಿಸಿಪ್ಪಿಯಲ್ಲೇ ಇಲ್ಲವೆಂದು ಅವರೇ ಹೇಳುತ್ತಿದ್ದರು. ನಾನು ಪೊಲಾರ್ಡ್ ಕೌಂಟಿ ಕಚೇರಿಯಲ್ಲಿ ಮೂವತ್ತು ವರ್ಷ ನೆಲ ಒರೆಸಿದ ಕರಿಯ; ಎದುರಾಡುವುದುಂಟೇ?

ಮಾವ ಕೌಂಟಿಯ ಪೊಲೀಸರನ್ನಾಳುವ ಶೆರಿಫ್ ಆಗಿದ್ದ ಪುಣ್ಯಕ್ಕೆ ಅವರು ಎದುರಾಳಿಯೇ ಇಲ್ಲದೆ ಗೆದ್ದು, ಮತದಾರರ ಪಟ್ಟಿಯ ಅಧಿಕಾರಿಯಾದರು. ಪಟ್ಟಿಗೆ ಸೇರಲು ರಾಜ್ಯ ಸಂವಿಧಾನದ ಒಂದು ಕಲಮನ್ನು ಓದಿ ಅರ್ಥ ಹೇಳಬೇಕಿತ್ತು. ಬಿಳಿಯರಿಗೆ ಒಂದು ಸಾಲಿನ ಕಲಮು, ನಮ್ಮವರಿಗೆ ಒಂದು ಪುಟದ್ದು. ನಮ್ಮ ಶಾಲೆಯ ಓಫೀಲಿಯಾ ಟಿನ್ಸ್ಲಿ ಟೀಚರ್ ಆರು ಸಲ ಬಂದರು, ಆರು ಸಲವೂ ನಪಾಸಾದರು.

"ಇವತ್ತೇನು ತಪ್ಪಾಯ್ತು ಸಾರ್?"

"ಉಚ್ಚಾರಣೆ ಸರಿಯಿಲ್ಲ ಕಣೇ, ಓಫೀಲಿಯಾ. ಇನ್ನೂ ಚೆನ್ನಾಗಿ ಓದ್ಕೊಂಡು ಬಾ."

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಸಾಹೇಬರು ಶಾಸಕರಾಗಿ ರಾಜಧಾನಿ ಜಾಕ್ಸನ್‌ಗೆ ಹೋದರು. ಅವರು ತಂದ ಡಾಂಬರು ರಸ್ತೆ ಅವರ ಮನೆ ಗೇಟಿನವರೆಗೆ ಬಂದು ದಣಿದು ನಿಂತಿತು. ಕೇಂದ್ರ ಸರ್ಕಾರದ ವಾಷಿಂಗ್ಟನ್‌ನವರನ್ನು ಬೈಯುವ ಒಂದೇ ಭಾಷಣವನ್ನು ಹದಿನೈದು ವರ್ಷ ಮಾಡಿದರು.

ಅರವತ್ತೈದರಲ್ಲಿ ಆ ವಾಷಿಂಗ್ಟನ್‌ನವರೇ ಪರೀಕ್ಷೆಯನ್ನು ರದ್ದು ಮಾಡಿದರು. ನಮ್ಮವರು ಸಾವಿರದ ನಾನೂರು ಮಂದಿ ಪಟ್ಟಿಗೆ ಸೇರಿದೆವು. ಅರವತ್ತೇಳರ ಚುನಾವಣೆ ಬಂದಾಗ ಸಾಹೇಬರಿಗೆ ನಮ್ಮ ಮೇಲೆ ದಿಢೀರನೆ ಪ್ರೀತಿ ಉಕ್ಕಿತು. ಒಂದು ಭಾನುವಾರ ನಮ್ಮ ಚರ್ಚಿಗೆ ಬಂದು, ಕರಿದ ಕೋಳಿ, ಗೆಣಸಿನ ಪೈ ಎರಡೆರಡು ತಟ್ಟೆ ತಿಂದು, ಮಾತಿಗೆ ನಿಂತರು.

"ನಾವೆಲ್ಲ ಒಂದೇ ಮನೆಯವರ ಹಾಗೆ ಬದುಕಿದೋರು!"

"ಹೌದೌದು, ನಾವು ಹಿತ್ತಿಲ ಬಾಗ್ಲಲ್ಲಿದ್ವಿ," ಎಂದಳು ನನ್ನ ಹೆಂಡತಿ ಮಿಟ್ಟಿ.

ಟಿನ್ಸ್ಲಿ ಟೀಚರ್ ಎದ್ದರು. ಕೈಚೀಲದಿಂದ ಸಂವಿಧಾನದ ಪುಸ್ತಕ ತೆಗೆದು ತಮ್ಮನ್ನು ನಪಾಸು ಮಾಡಿದ ಅದೇ ಪುಟವನ್ನು ಸಾಹೇಬರ ಮುಂದೆ ಹಿಡಿದರು.

"ಇದನ್ನ ಓದಿ ಅರ್ಥ ಹೇಳ್ಬಿಡಿ ಸಾಹೇಬ್ರೇ. ಓಟು ಹಾಕೋಕೆ ನಮಗೂ ಧೈರ್ಯ ಬರತ್ತೆ."

ಸಾಹೇಬರು ಕನ್ನಡಕ ಹಾಕಿದರು, ತೆಗೆದು ಒರೆಸಿದರು, ಮತ್ತೆ ಹಾಕಿದರು. ಮೂರನೇ ಸಾಲಿನಲ್ಲಿ ನಾಲಿಗೆ ತೊಡರಿತು.

"ಇಲ್ಲಿ ಬೆಳಕು ಸಾಲ್ದು."

"ಯಾರಾದ್ರೂ ಕಿಟಕಿ ತೆಗೀರಪ್ಪಾ," ಎಂದರು ಟೀಚರ್.

ನಾನೇ ತೆಗೆದೆ. ಬೆಳಕು ಬಂತು, ಅರ್ಥ ಬರಲಿಲ್ಲ.

"ಇದಕ್ಕೆ ವಕೀಲರೇ ಬೇಕು," ಎಂದು ಸಾಹೇಬರು ಟೋಪಿ ಹುಡುಕಿದರು. ಯಾರೂ ನಗಲಿಲ್ಲ. ಟೀಚರ್ ಪುಸ್ತಕ ಮುಚ್ಚಿ ಕೈಚೀಲಕ್ಕೆ ಹಾಕಿಕೊಂಡರು.

ಸಾಹೇಬರು ಇನ್ನೂರ ಹನ್ನೊಂದು ಮತಗಳಿಂದ ಸೋತರು. ಗೆದ್ದವನು ಔಷಧದಂಗಡಿಯ ಬಿಳಿಯ. ಅವನೂ ಚರ್ಚಿಗೆ ಬಂದಿದ್ದ, ಆದರೆ ಒಂದೇ ತಟ್ಟೆ ತಿಂದಿದ್ದ. ಅಂಥ ವಿದ್ವಾಂಸರು ಮನೆಯಲ್ಲಿ ಕೂರಬಾರದೆಂದು ಜಾಕ್ಸನ್ನಿನ ಗೆಳೆಯರು ಸಾಹೇಬರನ್ನು ಶಾಲೆಗಳಿಗೆ ಪುಸ್ತಕ ಆರಿಸುವ ಸಮಿತಿಯೊಂದಕ್ಕೆ ಸೇರಿಸಿದರು. ಸಾಯುವತನಕ ಅಲ್ಲೇ ಇದ್ದರು. ಟಿನ್ಸ್ಲಿ ಟೀಚರ್ ನಿವೃತ್ತರಾಗುವವರೆಗೂ ಸಾಹೇಬರು ಆರಿಸಿದ ಪುಸ್ತಕಗಳಿಂದಲೇ ಪಾಠ ಮಾಡಿದರು.