ಹುಳು ಮನೆಯಿಂದ ಏಳನೇ ತರಗತಿಗೆ

ನಾನು ಮಾಲೂರಿನ ಕಡೆಯವಳು. ವಿಜ್ಞಾನದ ಶಿಕ್ಷಕಿಯಾಗಿ ತಾಯಲೂರಿನ ಆಚೆ, ಗಡಿಯಂಚಿನ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಹೋದಾಗ, ಒಂದೇ ಜಿಲ್ಲೆಯಲ್ಲವೇ, ಊರು ಬದಲಾದರೆ ಏನು ಮಹಾ ಅಂದುಕೊಂಡಿದ್ದೆ. ಅಲ್ಲಿನ ಮಕ್ಕಳದು ಮನೆಯಲ್ಲಿ ತೆಲುಗು, ಆಟದಲ್ಲಿ ತೆಲುಗು, ಜಗಳದಲ್ಲಂತೂ ಅಚ್ಚ ತೆಲುಗು. ಪುಸ್ತಕ ಮಾತ್ರ ಕನ್ನಡ. ಓದಿ ಅಂದರೆ ಗಡಗಡ ಓದುತ್ತಿದ್ದರು. ಓದಿದ್ದೇನು ಅಂತ ಕೇಳಿದರೆ ಕಣ್ಣು ನೆಲಕ್ಕೆ. ನನ್ನ ತೆಲುಗೋ, ಸಂತೆಯಲ್ಲಿ ತರಕಾರಿ ಚೌಕಾಸಿ ಮಾಡುವಷ್ಟು.

ಎರಡನೇ ವರ್ಷ ನರಸಾಪುರದ ಒಂದು ಕಂಪನಿಯವರು ನಮ್ಮ ಶಾಲೆಗೆ ಗೋಡೆಯ ಅರ್ಧ ಅಗಲದ ಸ್ಮಾರ್ಟ್ ಟಿವಿ ಕೊಟ್ಟರು. ಹೆಡ್‌ಮಾಸ್ಟರು ಅದಕ್ಕೆ ಧೂಳು ಕೂರದಂತೆ ಮನೆಯಿಂದ ಹೂವಿನ ಬೆಡ್‌ಶೀಟ್ ತಂದು ಹೊದಿಸಿದರು. ನಾನು ಹುಮ್ಮಸ್ಸಿನಲ್ಲಿ ಪಾಠಕ್ಕೊಂದು ವಿಡಿಯೊ ಹುಡುಕಿ ಹಾಕತೊಡಗಿದೆ. ಮಕ್ಕಳು ಸಿನಿಮಾ ನೋಡುವ ಹಾಗೆ ಬಾಯಿ ತೆರೆದು ನೋಡುತ್ತಿದ್ದರು. ಮಾರನೆಯ ದಿನ ಕೇಳಿದರೆ ಅವರಿಗೆ ನೆನಪಿರುತ್ತಿದ್ದದ್ದು ಹಿನ್ನೆಲೆಯ ಮ್ಯೂಸಿಕ್ ಒಂದೇ. ಒಬ್ಬ ಅದನ್ನು ಬೆಂಚಿನ ಮೇಲೆ ಬಾರಿಸಿಯೂ ತೋರಿಸಿದ.

ಆ ಏಳನೇ ತರಗತಿಯಲ್ಲಿ ಕಿಟಕಿ ಪಕ್ಕ ಕೂರುವ ಹುಡುಗಿಯೊಬ್ಬಳಿದ್ದಳು. ಹಾಜರಿ ಕರೆದಾಗ ‘ಎಸ್ ಮಿಸ್’ ಅನ್ನುವುದು ಬಿಟ್ಟರೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ದಡ್ಡಿಯಲ್ಲ, ಬರೆದರೆ ಮುದ್ದಾಗಿ ಬರೆಯುತ್ತಿದ್ದಳು. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪರಾಗಸ್ಪರ್ಶದ ಪಾಠಕ್ಕೆ ಟಿವಿ ಹಾಕಿದೆ. ಚಿತ್ರ ಬಂತು, ಸೌಂಡ್ ಬರಲಿಲ್ಲ. ರಿಮೋಟ್ ತಟ್ಟಿದೆ, ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಏನು ಮಾಡಿದರೂ ಟಿವಿ ಮೂಕ. ಪರದೆಯ ಮೇಲೆ ಜೇನುಹುಳವೊಂದು ಹೂವಿನ ಸುತ್ತ ಹಾರಾಡುತ್ತಲೇ ಇತ್ತು. ನಾನು ತಲೆ ಕೆಡಿಸಿಕೊಂಡು ವೈರು ನೋಡುತ್ತಿದ್ದಾಗ ಹಿಂದಿನಿಂದ ಸಣ್ಣ ದನಿ ಕೇಳಿಸಿತು.

"ತೇನೆಟೀಗ ವಚ್ಚಿಂದಿ. ಪುವ್ವುಲೋಕಿ ದೂರಿಂದಿ. ಒಳ್ಳಂತಾ ಪುಪ್ಪೊಡಿ ಪೂಸುಕುನಿಂದಿ."

ಜೇನು ಬಂತು, ಹೂವಿನೊಳಗೆ ನುಗ್ಗಿತು, ಮೈಯೆಲ್ಲ ಪರಾಗ ಬಳಿದುಕೊಂಡಿತು. ಕಿಟಕಿ ಪಕ್ಕದ ಹುಡುಗಿ ಗೆಳತಿಯ ಕಿವಿಯಲ್ಲಿ ಕ್ರಿಕೆಟ್ ಕಾಮೆಂಟರಿಯ ಹಾಗೆ ಹೇಳುತ್ತಿದ್ದಳು. ಸುತ್ತಲಿನವರು ಕಿಸಕ್ಕನೆ ನಕ್ಕರು. ನಾನು ತಿರುಗಿದ ಕೂಡಲೇ ಅವಳು ಬಾಯಿ ಮುಚ್ಚಿದಳು.

"ನಿಲ್ಲಿಸ್ಬೇಡ ಕಣೇ," ಅಂದೆ. "ಎಲ್ಲರಿಗೂ ಕೇಳೋ ಹಾಗೆ ಹೇಳು."

"ತೆಲುಗಲ್ಲಿ ಬರ್ತೈತೆ ಮಿಸ್."

"ತೆಲುಗಲ್ಲೇ ಹೇಳು. ಕನ್ನಡ ಆಮೇಲೆ ಎಲ್ಲರೂ ಸೇರಿ ಮಾಡೋಣ."

ಅವಳು ಎದ್ದು ನಿಂತಳು. ಮೊದಲೆರಡು ವಾಕ್ಯ ನಡುಗುತ್ತಾ ಬಂದವು. ಆಮೇಲೆ ಜೇನು ಇನ್ನೊಂದು ಹೂವಿಗೆ ಹಾರಿದಾಗ ಅವಳ ಮಾತೂ ಹಾರಿತು. ನಾನು ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ, ‘ಮುಂದೇನಾಗುತ್ತೆ?’ ಅಂತ ಕೇಳಿದೆ. ಪುಡಿ ಉದುರಿ ಹೋಗುತ್ತೆ ಅಂದ ಒಬ್ಬ. ಇಲ್ಲ, ಆ ಹೂವಿಗೆ ಅಂಟುತ್ತೆ ಅಂದಳು ಇನ್ನೊಬ್ಬಳು. ಎರಡು ಬೆಂಚಿನ ನಡುವೆ ವಾದ ಹತ್ತಿಕೊಂಡಿತು. ಅವರವರ ಮಾತನ್ನು ಕನ್ನಡಕ್ಕೆ ತರುವಾಗ ‘ಪುಪ್ಪೊಡಿ’ಗೆ ಪರಾಗ ಎಂಬ ಪದ ಪುಸ್ತಕದಿಂದ ತಾನಾಗಿಯೇ ಎದ್ದುಬಂತು. ಗಂಟೆ ಹೊಡೆದದ್ದು ಯಾರ ಕಿವಿಗೂ ಬೀಳಲಿಲ್ಲ. ಮಾರನೆಯ ದಿನ ಕೇಳಿದರೆ ಇಡೀ ತರಗತಿಗೆ ಪಾಠ ಬಾಯಿಗೆ ಬಂದಿತ್ತು.

ಮುಂದಿನ ವಾರ ಹೆಡ್‌ಮಾಸ್ಟರು ಮುಳಬಾಗಿಲಿನಿಂದ ಮೆಕ್ಯಾನಿಕ್ ಕರೆಸಿ ಸೌಂಡ್ ಸರಿಮಾಡಿಸಿದರು. ಆದರೂ ನಾನು ಅದನ್ನು ಪೂರ್ತಿ ತಗ್ಗಿಸಿಯೇ ಪಾಠ ಮಾಡುತ್ತಿದ್ದೆ. ಒಂದು ದಿನ ಅವರು ಬಾಗಿಲಲ್ಲಿ ನಿಂತು ನೋಡಿದರು.

"ಏನಮ್ಮ, ರಿಪೇರಿ ಸರಿಯಾಗ್ಲಿಲ್ವಾ?"

"ಆಗಿದೆ ಸರ್. ಮಕ್ಕಳ ಸೌಂಡೇ ಚೆನ್ನಾಗಿದೆ, ಅದಕ್ಕೆ ಇದನ್ನ ಆಫ್ ಮಾಡಿದೀನಿ."

ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಕೂತುಬಿಟ್ಟರು.

ರೇಷ್ಮೆಯ ಪಾಠ ಬಂತು. ನಾನು ಹಾಕಿದ ವಿಡಿಯೊದಲ್ಲಿ ಯಾವುದೋ ದೇಶದ ದೊಡ್ಡ ಹಾಲ್, ಬಿಳಿ ಕೋಟು ಹಾಕಿದ ಜನ. ಕಿಟಕಿ ಪಕ್ಕದ ಹುಡುಗಿ ತಾನಾಗಿಯೇ ಕೈ ಎತ್ತಿದಳು.

"ನಮ್ಮನೇಲಿ ಹಿಂಗಿಲ್ಲ ಮಿಸ್. ನಮ್ಮ ಹುಳು ಇನ್ನೆರಡು ದಿನಕ್ಕೆ ಹಣ್ಣಾಗ್ತವೆ. ಆಮೇಲೆ ಗೂಡು ಕಟ್ತವೆ."

ಹಾಗಾದರೆ ಎಲ್ಲರೂ ಹೋಗಿ ನೋಡಿಬಿಡೋಣ ಅನ್ನಿಸಿತು. ಸಂಜೆ ಅವಳ ಮನೆಗೆ ಕೇಳಲು ಹೋದೆ. ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಹುಳು ಮನೆ, ಅದರ ಬಾಗಿಲಲ್ಲೇ ಅವಳ ಅವ್ವ. ಅಲ್ಲಿ ಅವ್ವ ಅಂದರೆ ಅಜ್ಜಿ. ಹುಳುವಿನ ಯಜಮಾನಿಕೆಯೆಲ್ಲ ಆಕೆಯದೇ. ನನ್ನ ಮಾತು ಕೇಳಿ ತಲೆ ಅಡ್ಡಡ್ಡ ಆಡಿಸಿದರು.

"ಅಷ್ಟು ಮಕ್ಕಳು ಒಳಕ್ಕೆ ಬಂದ್ರೆ ಹುಳುಗೆ ರೋಗ ತಗುಲ್ಕೊಂತೈತಮ್ಮ. ನಾನೇ ಕಾಲು ತೊಳ್ದು ಒಳಕ್ಕೆ ಹೋಗ್ತೀನಿ. ಬ್ಯಾಸರ ಮಾಡ್ಕೋಬೇಡ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಎದ್ದು ಹೊರಡುವಾಗ ಹುಡುಗಿ ತನ್ನ ಅಪ್ಪನ ಫೋನ್ ಹಿಡಿದುಕೊಂಡು ಬಂದಳು.

"ಮಿಸ್, ನಾನೊಬ್ಬಳೇ ಒಳಗಿದ್ದು ವಿಡಿಯೊ ಕಾಲ್ ಮಾಡಿದ್ರೆ? ನೀವು ಟಿವೀಗೆ ಹಾಕಿ."

ನನಗೆ ಹೊಳೆಯದ ಉಪಾಯ ಅವಳಿಗೆ ಹೊಳೆದಿತ್ತು. ಅವ್ವ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನೂ ಒರೆಸ್ಕೊಂಡು ಬಾ," ಅಂತ ಮೊಮ್ಮಗಳಿಗೆ ಹೇಳಿ ಒಪ್ಪಿದರು.

ಹುಳು ಹಣ್ಣಾದ ದಿನ ಬೆಳಿಗ್ಗೆ ಏಳನೇ ತರಗತಿಗೆ ಆರನೆಯವರೂ ಬಂದು ತುರುಕಿಕೊಂಡರು. ಹೆಡ್‌ಮಾಸ್ಟರೇ ಬೆಡ್‌ಶೀಟ್ ತೆಗೆದು ಮಡಿಸಿಟ್ಟರು. ನನ್ನ ಫೋನಿಗೆ ಕರೆ ಬಂತು, ಅದನ್ನು ಟಿವಿಗೆ ಜೋಡಿಸಿದೆ. ಮೊದಲು ಪರದೆಯ ತುಂಬಾ ಒಂದು ಹೆಬ್ಬೆರಳು. ಆಮೇಲೆ ಮಸುಕು ಕತ್ತಲು. ನೆಟ್‌ವರ್ಕ್ ಸಿಗದೆ ಅವಳು ಕಿಟಕಿಯತ್ತ ಸರಿದಿದ್ದೇ ತಡ, ಬೆಳಕಿನಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಕಾಣಿಸಿತು. ತಟ್ಟೆಯಂಥ ಅದರ ಸುರುಳಿ ಸುರುಳಿ ಸಂದುಗಳಲ್ಲಿ ಹೊನ್ನಿನ ಬಣ್ಣಕ್ಕೆ ತಿರುಗಿದ ಹುಳುಗಳು.

"ಎಲ್ರಿಗೂ ಕಾಣಿಸ್ತೈತಾ?" ಅವಳ ದನಿ ಟಿವಿಯಿಂದ ತರಗತಿಯ ಮೂಲೆ ಮೂಲೆಗೂ ಕೇಳಿಸಿತು. "ಇವು ಹಣ್ಣಾಗಿರೋ ಹುಳು. ಇನ್ನು ಸೊಪ್ಪು ತಿನ್ನಲ್ಲ. ನಾಲ್ಕು ಜ್ವರ ಮುಗಿಸ್ಕೊಂಡು ಬಂದವೆ."

"ಜ್ವರ ಅಂದ್ರೆ ಮಾತ್ರೆ ಕೊಡ್ತೀರಾ?" ಅಂತ ಆರನೇ ತರಗತಿಯ ಒಬ್ಬ ಕೂಗಿದ.

"ಅಲ್ಲ ಕಣೋ. ಚರ್ಮ ಬಿಡೋಕೆ ಮುಂಚೆ ತಿನ್ನದೆ, ಅಲ್ಲಾಡದೆ ಮಲಗ್ತವೆ. ಅದಕ್ಕೆ ಜ್ವರ ಅಂತೀವಿ."

ಪ್ರಶ್ನೆಗಳು ಒಂದರ ಮೇಲೊಂದು ಹೋದವು. ಅವಳಿಗೆ ಗೊತ್ತಿಲ್ಲದ್ದನ್ನು ಅವ್ವನನ್ನು ಕೇಳುತ್ತಿದ್ದಳು. ಅವ್ವ ತೆಲುಗಿನಲ್ಲಿ ಹೇಳಿದ್ದನ್ನು ಇಲ್ಲಿ ಕೂತವರು ನನಗೆ ಕನ್ನಡದಲ್ಲಿ ಹೇಳಲು ನಾ ಮುಂದು ತಾ ಮುಂದು ಎನ್ನುತ್ತಿದ್ದರು. ನಡುವೆ ಗಲಾಟೆ ಜಾಸ್ತಿಯಾದಾಗ ಅವ್ವನ ಮುಖ ಪರದೆಯ ತುಂಬಾ ಬಂದು, "ಸದ್ದು ಚೇಯೊದ್ದು," ಅಂತ ಗದರಿತು. ನಾನು ಎಷ್ಟೋ ಸಲ ಮೇಜು ಕುಟ್ಟಿದರೂ ಆಗದ ನಿಶ್ಶಬ್ದ ಆ ಒಂದು ಮಾತಿಗೆ ಆಯಿತು.

"ಒಂದು ಹುಳಾನ ಹತ್ತಿರದಿಂದ ತೋರಿಸು," ಅಂದೆ. ಅವಳು ಫೋನನ್ನು ಅಲುಗದಂತೆ ಚಂದ್ರಿಕೆಯ ಹತ್ತಿರ ಹಿಡಿದಳು. ಬೆರಳುದ್ದದ ಹುಳು ಟಿವಿಯಲ್ಲಿ ಕರುವಿನಷ್ಟು ದೊಡ್ಡದಾಯಿತು. ಅದು ತಲೆಯನ್ನು ಅತ್ತ ಇತ್ತ ಆಡಿಸುತ್ತಾ, ಬಾಯಿಂದ ಕಂಡೂ ಕಾಣದ ಎಳೆ ಬಿಡುತ್ತಾ ಇತ್ತು.

"ಮಿಸ್, ಅದು ಎಂಟು ಬರೀತೈತೆ," ಅಂದಳು ಮುಂದಿನ ಬೆಂಚಿನವಳು. "ನಮ್ಮ ಎಂಟಲ್ಲ, ಇಂಗ್ಲಿಷ್ ಎಂಟು."

ಎಲ್ಲರೂ ಬೆರಳೆತ್ತಿ ಹುಳುವಿನ ಜೊತೆಗೆ ಗಾಳಿಯಲ್ಲಿ ಎಂಟು ಬರೆಯತೊಡಗಿದರು. ಹಿಂದೆ ತಿರುಗಿದರೆ ಹೆಡ್‌ಮಾಸ್ಟರ ಬೆರಳೂ ಮೇಲಿತ್ತು. ನನಗೆ ನಗು ತಡೆಯಲಾಗಲಿಲ್ಲ.

ಆ ಕಡೆಯಿಂದ ಅವ್ವ ಕೇಳುತ್ತಿದ್ದರು, "ಏನಂತೆ? ಎಂಟು ಏನು?" ಮೊಮ್ಮಗಳು ಫೋನಿನಲ್ಲಿ ತೋರಿಸಿದಳಂತೆ. ಪೊರೆ ಬಂದ ಕಣ್ಣಿಗೆ ಅಷ್ಟು ಚಿಕ್ಕ ಪರದೆಯಲ್ಲಿ ಏನೂ ಕಾಣಲಿಲ್ಲವಂತೆ.

ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದ ಮೇಲೆ ಒಂದು ಶನಿವಾರ ಅವ್ವ ಮೊಮ್ಮಗಳ ಕೈ ಹಿಡಿದುಕೊಂಡು ಶಾಲೆಗೆ ಬಂದರು. ಹುಡುಗಿ ಕಾಲ್ ಮಾಡಿದ ದಿನವೇ ಇನ್ನೊಂದಿಷ್ಟು ವಿಡಿಯೊ ತೆಗೆದಿಟ್ಟಿದ್ದಳು. ಅವ್ವನನ್ನು ಟಿವಿಯ ಎದುರಿಗೆ, ಮಾರು ದೂರದಲ್ಲಿ ಕೂರಿಸಿದೆವು. ಹುಳು ತಲೆ ಎತ್ತಿತು, ಆಡಿಸಿತು, ಎಂಟು ಬರೆಯಿತು. ಅವ್ವ ಕುರ್ಚಿ ಬಿಟ್ಟು ಎದ್ದರು. ಪರದೆಯ ಹತ್ತಿರ ಹೋಗಿ ಹುಳುವಿನ ತಲೆಯ ಮೇಲೆ ಅಂಗೈ ಇಟ್ಟರು.

"ನಾನು ಈ ಮನೇಗೆ ಸೊಸೆಯಾಗಿ ಬಂದಾಗ್ನಿಂದ ಇವಕ್ಕೆ ಸೊಪ್ಪು ಹಾಕ್ತಾ ಇದೀನಿ," ಅಂದರು. "ಇವರ ಮುಖ ಇವತ್ತೇ ಸರಿಯಾಗಿ ನೋಡಿದ್ದು. ಎಷ್ಟು ಚೆನ್ನಾಗವರೆ."

ಮೊಮ್ಮಗಳು ಪಕ್ಕದಲ್ಲಿ ನಿಂತು, ಯಾರೂ ಕೇಳದಿದ್ದರೂ, ಚಿತ್ರದಲ್ಲಿ ಏನಾಗುತ್ತಿದೆ ಅಂತ ವಿವರಿಸುತ್ತಿದ್ದಳು, ಒಂದು ವಾಕ್ಯ ಕನ್ನಡದಲ್ಲಿ, ಒಂದು ತೆಲುಗಿನಲ್ಲಿ. ಅವ್ವ ಹುಳುವನ್ನು ಬಿಟ್ಟು ಅವಳನ್ನೇ ನೋಡತೊಡಗಿದರು.

"ಇದು ಮನೇಲೂ ಇಷ್ಟು ಮಾತಾಡಲ್ಲಮ್ಮ," ಅಂತ ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು. "ಇನ್ನೊಂದು ಸಲ ಹಾಕು, ಅವಳು ಹೇಳ್ಲಿ."

ಇನ್ನೊಂದು ಸಲ ಹಾಕಿದೆ. ಸೋಮವಾರ ಬೆಳಿಗ್ಗೆ ನಾನು ತರಗತಿಗೆ ಕಾಲಿಡುವ ಮೊದಲೇ ಜಗಳ ಶುರುವಾಗಿತ್ತು. ಮುಂದಿನ ಕಾಲ್ ಟೊಮೆಟೊ ತೋಟದಿಂದಲೋ, ಕುರಿ ಕೊಟ್ಟಿಗೆಯಿಂದಲೋ ಅಂತ. ಚೀಟಿ ಎತ್ತಿಸಿದೆ, ಕುರಿ ಗೆದ್ದಿತು.