ಚಂಡಮಾರುತ ಕರೆತಂದ ನೆಂಟರು

ಐಸಮ್ಮನ ಮನೆಗೆ ಕಾರು ಹೋಗುವುದಿಲ್ಲ. ಕಕ್ಕಿಂಜೆ ಪೇಟೆ ದಾಟಿ, ರಸ್ತೆ ಬದಿಯಲ್ಲಿ ಕಾರು ಬಿಟ್ಟು, ತೋಡಿನ ನೀರಿನ ಮೇಲಿನ ಕಾಲುಸಂಕ ದಾಟಿ, ಗುಡ್ಡ ಹತ್ತಬೇಕು. ಕಾರು ಹೋಗದ ಕಡೆಗೆ ನಮ್ಮಲ್ಲಿ ನೆಂಟಸ್ತಿಕೆಯೂ ಹೋಗುವುದಿಲ್ಲ. ಇದು ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲ. ಆದರೂ ಕಾನೂನಿಗಿಂತ ಚೆನ್ನಾಗಿ ಪಾಲನೆಯಾಗುತ್ತದೆ.

ಬೀಡಿ ಕಟ್ಟಿ ಬದುಕುವ ಈ ವಿಧವೆಗೆ ಮಕ್ಕಳಿಲ್ಲ. ಸಾಕಿದ ಮಗನೊಬ್ಬ ಇದ್ದಾನೆ, ನಿಝಾರ್. ಸಿದ್ಧಕಟ್ಟೆಯ ಅಕ್ಕ ಮೈಮೂನಮ್ಮ ಕಾಯಿಲೆ ಬಿದ್ದು ಮಲಗಿದ್ದಾಗ, ಅವರ ಈ ಮಗನನ್ನು ತಂದು, ಕಕ್ಕಿಂಜೆಯ ಶಾಲೆಗೆ ಸೇರಿಸಿ, ಉಣಿಸಿ, ಬೇಕಾದಾಗ ಬೆನ್ನಿಗೆ ಎರಡು ಬಿಟ್ಟು ದೊಡ್ಡವನನ್ನಾಗಿ ಮಾಡಿದ್ದು ಐಸಮ್ಮ. ಅವನೀಗ ಗಲ್ಫಿನಲ್ಲಿ ಸೂಪರ್‌ವೈಸರ್. ಸಿದ್ಧಕಟ್ಟೆಯಲ್ಲಿ ಮಾಳಿಗೆ ಮನೆ, ಅಂಗಳದಲ್ಲಿ ಬಿಳಿ ಕಾರು.

ಗಲ್ಫಿನಿಂದ ರಜೆಗೆ ಬಂದವರು ನೆಂಟರ ಮನೆಗಳಿಗೆಲ್ಲ ಒಂದು ಸುತ್ತು ಹೋಗಬೇಕೆಂಬುದು ಇಲ್ಲಿಯ ಕ್ರಮ. ಬಾದಾಮಿ, ಸಾಬೂನು, ತಲೆನೋವಿನ ಎಣ್ಣೆಯ ಪೊಟ್ಟಣ ಕೊಡಬೇಕು. ಆ ಮನೆಯಲ್ಲಿ ಕೂತು ಏನಾದರೂ ತಿನ್ನಬೇಕು. ತಿನ್ನದೆ ಎದ್ದರೆ ಬಂದ ಲೆಕ್ಕಕ್ಕಿಲ್ಲ. ಮೊದಲು ಯಾರ ಮನೆ, ಆಮೇಲೆ ಯಾರ ಮನೆ ಎಂಬುದನ್ನು ಹಿರಿತನ ನೋಡಿ ನಿರ್ಧರಿಸುತ್ತಾರೆ ಎಂದು ಹೇಳುತ್ತಾರೆ. ಶುದ್ಧ ಸುಳ್ಳು. ಕಾಂಪೌಂಡ್ ಗೋಡೆಯ ಎತ್ತರ ನೋಡಿ ನಿರ್ಧರಿಸುತ್ತಾರೆ. ಗೋಡೆಯೇ ಇಲ್ಲದ ಐಸಮ್ಮ ಕೊನೆಯವರು. ಅವರ ಸರದಿ ಬರುವಷ್ಟರಲ್ಲಿ ಪ್ರತಿಸಲವೂ ರಜೆ ಮುಗಿದು ಫೋನು ಬರುತ್ತಿತ್ತು: "ಚಿಕ್ಕಮ್ಮಾ, ರಸ್ತೆ ಬ್ಲಾಕ್ ಉಂಟಂತೆ. ಮುಂದಿನ ಸಲ ಖಂಡಿತ ಬರ್ತೇನೆ, ಆಯ್ತಾ?"

ಐಸಮ್ಮ ಅದಕ್ಕೆ "ಆಯ್ತು ಮಗಾ" ಎನ್ನುತ್ತಿದ್ದರು. ಫೋನು ಇಟ್ಟು ಹುಂಜನ ಕಡೆ ನೋಡುತ್ತಿದ್ದರು.

ಆ ಹುಂಜನ ಬಗ್ಗೆ ಹೇಳಲೇಬೇಕು. ನಿಝಾರ್ ಬಂದಾಗ ಕೊಯ್ಯಲೆಂದೇ ಸಾಕಿದ ಕೆಂಪು ಹುಂಜ ಅದು. ಅವನು ಬರಲಿಲ್ಲ, ಅದು ಉಳಿಯಿತು. ಮುಂದಿನ ಸಲವೂ ಬರಲಿಲ್ಲ, ಅದು ಬಲಿಯಿತು. ಮೂರನೇ ಸಲಕ್ಕೆ ಅದು ಪಕ್ಕದ ಮನೆಯ ಶಶಿಪ್ರಭಾ ಅವರ ನಾಯಿಯನ್ನೇ ಅಟ್ಟಿಸಿಕೊಂಡು ಹೋಗುವ ಮಟ್ಟಕ್ಕೆ ಬಂತು. ಶಶಿಪ್ರಭಾ ಅದಕ್ಕೆ ಗಲ್ಫ್ ಹುಂಜ ಎಂದು ಹೆಸರಿಟ್ಟಿದ್ದರು. ನಿಝಾರ್‌ನ ರಜೆ ಬೇಗ ಮುಗಿಯಲಿ ಎಂದು ಬಯಸುವ ಜೀವ ಬೆಳ್ತಂಗಡಿ ತಾಲೂಕಿನಲ್ಲಿ ಅದೊಂದೇ.

ಈ ಸಲವೂ ರಜೆ ಮುಗಿಯುತ್ತ ಬಂದಿತ್ತು. ಡಿಸೆಂಬರಿನ ಮೊದಲ ವಾರ. ಚಳಿ ಆಗಷ್ಟೇ ಕಾಲಿಡುತ್ತಿತ್ತು, ಅಷ್ಟರಲ್ಲಿ ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದಿತೆಂದು ಟಿವಿಯವರು ಬೊಬ್ಬೆ ಹೊಡೆಯತೊಡಗಿದರು. ಶಾಲೆಗಳಿಗೆ ಮಳೆ ರಜೆ ಘೋಷಣೆಯಾಯಿತು.

ನಮ್ಮ ಜಿಲ್ಲೆಯಲ್ಲಿ ಮಳೆ ರಜೆ ಕೊಟ್ಟ ದಿನ ಸೂರ್ಯನಿಗೆ ಕಡ್ಡಾಯ ಹಾಜರಿ. ಅಂದು ಬೆಳಗ್ಗೆಯೂ ಹಪ್ಪಳ ಒಣಗುವಂಥ ಬಿಸಿಲು. ಹಾಗಾಗಿ ಮಳೆ ರಜೆ ಎಂದರೆ ಪಿಕ್‌ನಿಕ್ಕಿನ ರಜೆ ಎಂದು ಇಲ್ಲಿಯ ಜನ ಅರ್ಥಮಾಡಿಕೊಂಡಿದ್ದಾರೆ. ಮನೆಯೊಳಗೆ ಇರಿ ಎಂದು ಕೊಟ್ಟ ರಜೆಯಲ್ಲಿ ಅರ್ಧ ಜಿಲ್ಲೆ ಘಾಟಿ ಹತ್ತುತ್ತದೆ. ಮಂಜಿನ ಜೊತೆ ಸೆಲ್ಫಿ, ಮಂಗಗಳಿಗೆ ಚಿಪ್ಸ್, ಪ್ರಪಾತಕ್ಕೆ ಪ್ಲಾಸ್ಟಿಕ್ಕು. ಮೇಲಿನಿಂದ ಕಲ್ಲು ಉರುಳಿದರೆ ಮಾತ್ರ ಸರಕಾರ ಸತ್ತಿದೆಯಾ ಎಂದು ಕೇಳುವುದು.

ನಿಝಾರ್ ಕೂಡ ಹೆಂಡತಿ ಫಾಹಿಮಾ, ಮಗಳು ರಿಫಾಳನ್ನು ಕೂರಿಸಿಕೊಂಡು ಚಿಕ್ಕಮಗಳೂರಿಗೆ ಹೊರಟ. ಕಾರು ಕಕ್ಕಿಂಜೆಯನ್ನು ದಾಟಿಯೇ ಹೋಗಬೇಕು. "ಇಲ್ಲೇ ಅಲ್ವಾ ಚಿಕ್ಕಮ್ಮನ ಮನೆ?" ಎಂದು ಫಾಹಿಮಾ ಕೇಳಿದಳು. "ಬರುವಾಗ ನೋಡುವ" ಎಂದು ಅವನು ಗೇರ್ ಬದಲಿಸಿದ.

ಅದೇ ಬೆಳಗ್ಗೆ ಐಸಮ್ಮ ಬೇರೊಂದು ಲೆಕ್ಕ ಹಾಕಿದ್ದರು. ಮಗುವಿಗೆ ರಜೆ, ಚಂಡಮಾರುತ ಬೇರೆ; ಬುದ್ಧಿ ಇದ್ದವರು ಮನೆಯಲ್ಲೇ ಇರುತ್ತಾರೆ. ಅವನು ಬರದಿದ್ದರೆ ತಾನೇ ಹೋಗಿ ಮುಖ ನೋಡಿ ಬರುವುದು. ದೊಡ್ಡವರು ಹುಡುಕಿಕೊಂಡು ಹೋಗುವುದು ಕ್ರಮವಲ್ಲ, ನಾಚಿಕೆಯ ಸಂಗತಿ. ಆಗಲಿ. ಮೊದಲೇ ತಿಳಿಸಿದರೆ "ಮಳೆಗೆ ನೀವು ಬರುದು ಬೇಡ, ನಾವೇ ಬರ್ತೇವೆ" ಎನ್ನುವ ಹಳೆಯ ಹಾಡು ಬರುತ್ತದೆಂದು ಫೋನು ಮಾಡಲಿಲ್ಲ. ಅವಸರದಲ್ಲಿ ಆ ಫೋನನ್ನೂ ಚಾರ್ಜಿಗಿಟ್ಟಲ್ಲೇ ಬಿಟ್ಟರು. ಬೀಗದ ಕೈಯನ್ನು ಶಶಿಪ್ರಭಾರಿಗೆ ಕೊಟ್ಟು ಬಸ್ಸು ಹತ್ತಿದರು. ಮಡಂತ್ಯಾರಿನ ಹತ್ತಿರ ಎಲ್ಲೋ ಕಾರು ಆ ಕಡೆ, ಬಸ್ಸು ಈ ಕಡೆ ದಾಟಿ ಹೋಗಿರಬೇಕು.

ಮಧ್ಯಾಹ್ನ ಆಕಾಶ ಕಪ್ಪಾಯಿತು. ಘಾಟಿಯ ತಿರುವಿನಲ್ಲಿ ಮಣ್ಣು ಕುಸಿದು, ಪೊಲೀಸರು ವಾಹನಗಳನ್ನೆಲ್ಲ ಹಿಂದಕ್ಕೆ ತಿರುಗಿಸಿದರು. ನಿಝಾರ್ ಕಕ್ಕಿಂಜೆಗೆ ಇಳಿಯುವಷ್ಟರಲ್ಲಿ ಮುಂಡಾಜೆಯ ಹತ್ತಿರ ದೊಡ್ಡ ಮರವೊಂದು ಕರೆಂಟಿನ ಕಂಬ ಸಮೇತ ರಸ್ತೆಗೆ ಅಡ್ಡ ಮಲಗಿತ್ತು. ಹಿಂದೆ ಘಾಟಿ ಬಂದ್, ಮುಂದೆ ಮರ. ನಡುವೆ ಉಳಿದಿದ್ದು ಕಾರು ಹೋಗದ ಮನೆ ಒಂದೇ.

ಒದ್ದೆ ಮುದ್ದೆಯಾಗಿ ಸಂಕ ದಾಟಿ ಗುಡ್ಡ ಹತ್ತಿದರೆ ಬಾಗಿಲಿಗೆ ಬೀಗ. ನಿಝಾರ್ ಫೋನು ಮಾಡಿದ. ಬಾಗಿಲಿನ ಒಳಗೇ ಅದು ರಿಂಗಾಯಿತು.

ಕೊಡೆ ಹಿಡಿದು ಬಂದ ಶಶಿಪ್ರಭಾ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಯಾರು, ನಿಝಾರಾ? ಗಲ್ಫಿನಿಂದ ಸಿದ್ಧಕಟ್ಟೆಗೆ ದಾರಿ ಗೊತ್ತುಂಟು. ಸಿದ್ಧಕಟ್ಟೆಯಿಂದ ಇಲ್ಲಿಗೆ ಬರ್ಲಿಕ್ಕೆ ಚಂಡಮಾರುತ ಬೇಕಾಯ್ತಾ ಮಾರಾಯ?"

"ಹಾಗಲ್ಲ ಅಕ್ಕ... ಚಿಕ್ಕಮ್ಮ ಎಲ್ಲಿ?"

"ನಿನ್ನನ್ನು ನೋಡ್ಲಿಕ್ಕೆ ನಿನ್ನ ಮನೆಗೇ ಹೋಗಿದ್ದಾರೆ. ತಗೋ, ಬೀಗದ ಕೈ. ಹುಂಜನ ಹತ್ತಿರ ಹೋಗ್ಬೇಡಿ. ಅದಕ್ಕೆ ನಿನ್ನ ಹೆಸರು ಕೇಳಿದ್ರೆ ಆಗುದಿಲ್ಲ."

ರಿಫಾ ಕಾರಣ ಕೇಳಿದಳು. ಶಶಿಪ್ರಭಾ ಇಡೀ ಕಥೆ ಹೇಳಿದರು, ಒಂದು ರಜೆಯನ್ನೂ ಬಿಡದೆ. ಮಗು ಬಿದ್ದು ಬಿದ್ದು ನಕ್ಕಿತು. ನಿಝಾರ್ ನಗಲು ಹೋದ. ಅರ್ಧದಲ್ಲೇ ನಿಂತಿತು.

ಕೊನೆಗೆ ಸಿದ್ಧಕಟ್ಟೆಯ ಮನೆಯಲ್ಲಿದ್ದ ಉಮ್ಮ ಮೈಮೂನಮ್ಮನ ಫೋನಿಗೆ ಕರೆ ಮಾಡಿದರೆ ಎತ್ತಿದ್ದು ಐಸಮ್ಮನೇ.

"ಎಲ್ಲಿದ್ದೀ ಮಗಾ?"

"ನಿಮ್ಮ ಮನೆಯಲ್ಲಿ, ಚಿಕ್ಕಮ್ಮಾ. ನೀವು?"

"ನಿನ್ನ ಮನೆಯಲ್ಲಿ. ಸೋಫಾದಲ್ಲಿ ಕೂತಿದ್ದೇನೆ. ಕೂತ್ರೆ ಏಳ್ಲಿಕ್ಕೆ ಆಗುದಿಲ್ಲ, ಎಂತ ಸೋಫಾ ಇದು!" ಆಮೇಲೆ ಐಸಮ್ಮ ಸಿಡಿದರು. "ಇಷ್ಟು ವರ್ಷದಲ್ಲಿ ನಿನಗೆ ಇವತ್ತೇ ಬರ್ಲಿಕ್ಕಾದ್ದಾ?"

ಬಸ್ಸಿಲ್ಲ, ಬರುವಂತಿಲ್ಲ. ಹಾಗೆಂದು ಮನೆಗೆ ಬಂದವರನ್ನು ಉಪವಾಸ ಕೆಡವಲಿಕ್ಕೆ ಆಗುತ್ತದೆಯೇ? ಐಸಮ್ಮ ಸಿದ್ಧಕಟ್ಟೆಯ ಸೋಫಾದಲ್ಲಿ ಕೂತು ಕಕ್ಕಿಂಜೆಯ ಅಡುಗೆಮನೆಯನ್ನು ನಡೆಸಿದರು.

"ಫಾಹಿಮಾ, ಕುಚ್ಚಲಕ್ಕಿ ಮೂಲೆಯ ಡಬ್ಬಿಯಲ್ಲಿ ಉಂಟು. ಗಂಜಿ ಮಾಡು. ಒಣಮೀನು ಒಲೆಯ ಮೇಲೆ ಕಟ್ಟಿದ್ದೇನೆ. ಕೆಂಪು ಮುಚ್ಚಳದ ಡಬ್ಬಿ ಮುಟ್ಬೇಡ!"

"ಅದರಲ್ಲಿ ಎಂತ ಉಂಟು ಚಿಕ್ಕಮ್ಮಾ?"

"ಇಲಿಪಾಷಾಣ. ಹುಂಜನಿಗೂ ಕೈ ಹಾಕ್ಬೇಡಿ. ಅದನ್ನು ನಾನೇ ಮಾಡಿ ನಾನೇ ಬಡಿಸ್ಬೇಕು. ನಾನಿಲ್ಲದೆ ತಿಂದದ್ದು ಬಂದ ಲೆಕ್ಕಕ್ಕಿಲ್ಲ, ಹೇಳಿದ್ದೇನೆ!"

ರಾತ್ರಿ ಮಾಡಿನ ಹೆಂಚು ಸೋರಿತು. ಚಾಪೆಯನ್ನು ಆ ಕಡೆ ಈ ಕಡೆ ಎಳೆಯುತ್ತಲೇ ಅವರು ನಿದ್ದೆ ಮಾಡಿದರು. ಹುಂಜ ಅಡುಗೆಮನೆಯ ಅಟ್ಟದ ಮೇಲೆ ಕೂತು ಎಲ್ಲವನ್ನೂ ನೋಡುತ್ತಿತ್ತು.

ಬೆಳಗ್ಗೆ ಮಳೆ ನಿಂತಿತ್ತು. ಮುಂಡಾಜೆಯ ಮರ ಕಡಿದು ಬದಿಗೆ ಹಾಕಿದ್ದಾರೆಂದು ಶಶಿಪ್ರಭಾ ಸುದ್ದಿ ತಂದರು. ಮೊದಲ ಬಸ್ಸಿನಲ್ಲಿ ಹೊರಟಿದ್ದೇನೆಂದು ಐಸಮ್ಮನ ಸುದ್ದಿಯೂ ಬಂತು. ಆದರೆ ಮಧ್ಯಾಹ್ನ ಮೂಡುಬಿದಿರೆಯಲ್ಲಿ ಫಾಹಿಮಾಳ ತಂದೆ ಅಬ್ದುಲ್ ಶುಕೂರ್ ಅವರ ಮನೆಯಲ್ಲಿ ಅಳಿಯನಿಗೆ ಬೀಳ್ಕೊಡುವ ಊಟ. ಮರುದಿನ ವಿಮಾನ. ಮಾವನದು ಜಿಲ್ಲೆಯಲ್ಲೇ ಎತ್ತರದ ಕಾಂಪೌಂಡುಗಳಲ್ಲೊಂದು.

"ತಿಂದಾಯ್ತು, ಮಲಗಿಯೂ ಆಯ್ತು. ಬಂದ ಹಾಗೆ ಆಯ್ತಲ್ಲ?" ನಿಝಾರ್ ಕಾರಿನ ಕೀಯನ್ನು ಬೆರಳಿನಲ್ಲಿ ತಿರುಗಿಸುತ್ತ ಹೇಳಿದ. "ಹೊರಡುವನಾ?"

ಫಾಹಿಮಾ ಒಲೆಗೆ ಕಟ್ಟಿಗೆ ಇಡುತ್ತಿದ್ದಳು. ತಿರುಗಿ ನೋಡಲೂ ಇಲ್ಲ. "ನೀವು ಹೊರಡಿ. ನನ್ನ ಬಾಪನ ಬಿರಿಯಾನಿ ನನಗೆ ಗೊತ್ತುಂಟು, ಓಡಿ ಹೋಗುದಿಲ್ಲ. ಅವರು ಬಸ್ಸಿನಲ್ಲಿ ಬರ್ತಾ ಇದ್ದಾರೆ. ನೀವು ನಿನ್ನೆಯ ಹಾಗೆ ಪುನಃ ದಾರಿಯಲ್ಲೇ ಅವರನ್ನು ದಾಟಿ ಹೋಗಿ. ಕೈ ಬೀಸ್ಲಿಕ್ಕಾದರೂ ಮರೀಬೇಡಿ."

ನಿಝಾರ್ ಅಂಗಳಕ್ಕೆ ಬಂದ. ಹುಂಜ ಅವನನ್ನು ನೋಡಿತು. ಅವನು ಹುಂಜನನ್ನು ನೋಡಿದ. ಅಷ್ಟರಲ್ಲಿ ಅಬ್ದುಲ್ ಶುಕೂರ್ ಅವರ ಫೋನು ಬಂತು.

"ಮಾವ... ಇಲ್ಲ ಮಾವ, ಬರ್ಲಿಕ್ಕೆ ಆಗ್ತಾ ಇಲ್ಲ. ಮರ ಬಿದ್ದಿದೆ, ದೊಡ್ಡ ಮರ. ಹೌದು, ರಸ್ತೆ ಪೂರ್ತಿ ಬ್ಲಾಕ್. ಒಂದು ಸೈಕಲ್ ಕೂಡ ದಾಟುದಿಲ್ಲ. ಮುಂದಿನ ಸಲ ಖಂಡಿತ..."

ಕೆಳಗೆ ರಸ್ತೆಯಲ್ಲಿ ಬಸ್ಸಿನ ಹಾರನ್ ಜೋರಾಗಿ ಕೂಗಿತು. ನಿಝಾರ್ ಫೋನಿಗೆ ಕೈ ಅಡ್ಡ ಹಿಡಿದ. ಸಂಕ ದಾಟಿ, ಏದುಸಿರು ಬಿಡುತ್ತ, ಪ್ಲಾಸ್ಟಿಕ್ ಚೀಲ ಹಿಡಿದ ಐಸಮ್ಮ ಗುಡ್ಡ ಹತ್ತಿ ಬಂದರು. ಅವನು ಮಾವನಿಗೆ ಅದನ್ನೇ ಪುನಃ ಹೇಳುತ್ತಿದ್ದದ್ದು ಅವರ ಕಿವಿಗೂ ಬಿತ್ತು.

"ಮುಗಿಸು ಮಗಾ, ಮುಗಿಸು" ಎಂದರು. "ಈ ಪಾಠ ನನಗೆ ಬಾಯಿಪಾಠ ಉಂಟು. ನಡುವಿನಲ್ಲಿ ಮರೆತರೆ ನಾನು ಹೇಳಿಕೊಡ್ತೇನೆ."

ನಿಝಾರ್ ತಲೆ ತಗ್ಗಿಸಿ ಅವರ ಕೈಯ ಚೀಲ ತೆಗೆದುಕೊಂಡ. ಐಸಮ್ಮ ಅವನ ತಲೆಗೊಂದು ಮೊಟಕಿದರು. ಮೊಟಕಿದ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಸೆರಗು ಸಿಕ್ಕಿಸಿ, "ಹಿಡಿಯಿರಿ ಆ ಹುಂಜನನ್ನು" ಎಂದರು.

ಹಿಡಿಯುವುದಕ್ಕೆ ಮನೆಮಂದಿಯೆಲ್ಲ ಬೇಕಾಯಿತು, ಶಶಿಪ್ರಭಾ ಅವರ ನಾಯಿ ಕೂಡ ಹಳೆಯ ದ್ವೇಷದಿಂದ ಕೈಜೋಡಿಸಿತು. ನಿಝಾರ್‌ನೇ ಬಿಸ್ಮಿ ಹೇಳಿ ಕೊಯ್ದ. ಕುಕ್ಕರ್ ಕೂಗಿತು, ಕೂಗುತ್ತಲೇ ಇತ್ತು. ಎಷ್ಟು ಕೂಗಿದರೂ ಮಾಂಸ ಬೇಯುವ ಲಕ್ಷಣ ಕಾಣಲಿಲ್ಲ. ಕೊನೆಗೆ ಐಸಮ್ಮ ಅಕ್ಕಿರೊಟ್ಟಿ ಪತ್ತಿರ್ ಮೇಲೆ ಸಾರು ಸುರಿದು, ಎಲ್ಲಕ್ಕಿಂತ ದೊಡ್ಡ ತುಂಡನ್ನು ನಿಝಾರ್‌ನ ತಟ್ಟೆಗೆ ಹಾಕಿ, ಅವನ ಎದುರಿಗೇ ಕೂತರು.

ಅವನು ಅಗಿದ. ಬಲಗಡೆಯಿಂದ ಅಗಿದ, ಎಡಗಡೆಯಿಂದ ಅಗಿದ. ಕಣ್ಣಲ್ಲಿ ನೀರು ಬಂತು.

"ಚಿಕ್ಕಮ್ಮಾ, ಇದು ಕಲ್ಲಿನ ಹಾಗೆ ಉಂಟು!"

"ನೀನು ಮೊದಲ ಸಲವೇ ಬಂದಿದ್ದರೆ ಬೆಣ್ಣೆಯ ಹಾಗೆ ಇತ್ತು" ಎಂದು ಐಸಮ್ಮ ಇನ್ನೊಂದು ಸೌಟು ಸಾರು ಬಡಿಸಿದರು. "ಅಗಿ ಮಗಾ, ಅಗಿ."