ಸ್ಪೀಕರ್ ಕೆಟ್ಟ ಮಧ್ಯಾಹ್ನ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಟೀಚರ್ ಕೆಲಸದಿಂದ ರಿಟೈರ್ ಆದ ಮೇಲೆ ನಾನು ತುರುವೇಕೆರೆ ಹತ್ತಿರದ ಒಂದು ಶಾಲೆಗೆ ವಾರಕ್ಕೆ ಮೂರು ದಿನ ಹೋಗಿ ಮಕ್ಕಳ ಓದು ನೋಡಿಕೊಳ್ಳುತ್ತಿದ್ದೆ. ಅಲ್ಲಿಗೆ ಆಗಷ್ಟೇ ನಾಲ್ಕು ಕಂಪ್ಯೂಟರ್ ಬಂದಿದ್ದವು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಮಾನಿಟರ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂರುತ್ತಿದ್ದರು. ಸಿ.ಡಿ. ಹಾಕಿದರೆ ಪಾಠ, ಪಾಠದ ಕೊನೆಗೆ ಪ್ರಶ್ನೆ. ಓದುವುದು, ಕೂಡುವುದು, ಹೀಗೆ ಒಂದು ಸಾಮರ್ಥ್ಯ ಬಂದಿದೆಯೆಂದು ಕಂಪ್ಯೂಟರಿಗೆ ಖಾತ್ರಿಯಾದರೆ ಹಸಿರು ಟಿಕ್. ಆಮೇಲಷ್ಟೇ ಮುಂದಿನ ಪಾಠ. ಯಾರ ಮಗಳು ಅಂತ ಕೇಳದೆ ಮಾರ್ಕ್ಸ್ ಕೊಡುವ ಮೆಷಿನ್! ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ರೂಲರ್ ಏಟು ತಿಂದು ಕಲಿತ ನನಗೆ, ಹೌ ಫೇರ್ ಅನ್ನಿಸಿತ್ತು.

ಐದನೇ ಕ್ಲಾಸಿನಲ್ಲಿ ಟೈಲರ್ ಒಬ್ಬರ ಮಗಳಿದ್ದಳು. ಎಲ್ಲ ಟಿಕ್ಕುಗಳೂ ಅವಳಿಗೇ. ವಸತಿ ಶಾಲೆಯ ಎಂಟ್ರೆನ್ಸ್ ಪರೀಕ್ಷೆಗೆ ಅವಳನ್ನೇ ಕಳಿಸಿ ಎಂದು ಹೆಡ್‌ಮಾಸ್ಟರಿಗೆ ಹಟ ಹಿಡಿದು ಹೇಳಿದವಳು ನಾನು. ‘ವಾಕ್ಯ ಓದಿ ಅರ್ಥ ಮಾಡಿಕೊಳ್ಳುವುದು: ಸಾಧಿಸಿದ್ದಾಳೆ’ ಎಂದಿದ್ದ ಅವಳ ಪ್ರಗತಿ ಪತ್ರದ ಕೆಳಗೆ ನನ್ನದೇ ಸಹಿ.

ಪರೀಕ್ಷೆಗೆ ಇನ್ನು ಐದು ವಾರವಿತ್ತು. ಆ ಮಧ್ಯಾಹ್ನ ಅವಳ ಕಂಪ್ಯೂಟರಿನ ಸ್ಪೀಕರ್ ವೈರನ್ನು ಇಲಿ ಕಡಿದುಹಾಕಿತ್ತು. ಪರದೆಯ ಮೇಲೆ ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದವು. ಅವಳು ಮೌಸನ್ನು ಒಂದು ಉತ್ತರದ ಮೇಲಿಟ್ಟು ಕಾದಳು. ಇನ್ನೊಂದರ ಮೇಲಿಟ್ಟು ಕಾದಳು.

“ಮಿಸ್, ಇದು ಮಾತಾಡ್ತಾನೇ ಇಲ್ಲ.”

“ಅದ್ಯಾಕೆ ಮಾತಾಡ್ಬೇಕು? ನೀನೇ ಓದು ಕಣೇ.”

ಪಕ್ಕದವಳು ಕಿಸಕ್ಕನೆ ನಕ್ಕಳು. “ಅವ್ಳಿಗೆಲ್ಲಿ ಓದಕ್ಕೆ ಬತ್ತದೆ ಮಿಸ್? ಮೌಸ್ ಇಟ್ರೆ ಅದೇ ಓದಿ ಹೇಳ್ತದೆ, ಕೇಳ್ಕಂಡು ಇವ್ಳು ಒತ್ತುತಾಳೆ.”

“ನಿಂಗ್ ಬತ್ತದೇನೇ? ಬಾಯ್ ಮುಚ್ಕೊಂಡ್ ಕೂತ್ಕೊ!” ಎಂದು ಟೈಲರ್ ಮಗಳು ಅವಳ ಮೇಲೆ ರೇಗಿದಳು.

ನಾನು ಸ್ಲೇಟಿನಲ್ಲಿ ‘ಕೆರೆಯಲ್ಲಿ ನೀರು ತುಂಬಿದೆ’ ಎಂದು ಬರೆದು ಕೊಟ್ಟೆ. “ಕೆ... ರೆ...” ಅಂದು, ನನ್ನ ಮುಖ ನೋಡಿ, ಒಂದೇ ಉಸಿರಿಗೆ ಹೇಳಿದಳು: “ಕೆರೆ ಏರಿ ಮೇಲೆ ಬಸ್ಸು ಹೋಗ್ತಾ ಇದೆ!”

ಮೈ ಗಾಡ್. ಹುಡುಗಿ ಜಾಣೆ, ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಆದರೆ ಓದಲು ಮಾತ್ರ ಬರುತ್ತಿರಲಿಲ್ಲ. ಅವಳ ಕುರ್ಚಿಯ ಹಿಂದೆ ನಿಂತು ತಿಂಗಳುಗಟ್ಟಲೆ ವೆರಿ ಗುಡ್ ಅಂದಿದ್ದೆನಲ್ಲ, ಒಮ್ಮೆಯಾದರೂ ಗಟ್ಟಿಯಾಗಿ ಓದಿಸಿದ್ದೆನೆ? ಮೂವತ್ತು ವರ್ಷ ಪ್ರತಿ ಕ್ಲಾಸನ್ನೂ ‘ಸ್ಟಾಂಡ್ ಅಪ್ ಅಂಡ್ ರೀಡ್’ ಎಂದೇ ಶುರು ಮಾಡಿದವಳು ನಾನು.

ಹೆಡ್‌ಮಾಸ್ಟರಿಗೆ ಗಾಬರಿಯೇನೂ ಆಗಲಿಲ್ಲ. “ಅವ್ಳಿಗೆ ಓದಕ್ಕೆ ಬತ್ತದೆ ಅಂತ ಕಂಪ್ಯೂಟರೇ ಅಂದ್ಮೇಲೆ ನಮ್ದೇನ್ರೀ ಮೇಡಂ? ವೈರ್ ಹಾಕ್ಸನ ಬುಡಿ.”

“ಎಂಟ್ರೆನ್ಸ್‌ನಲ್ಲಿ ಕ್ವೆಶ್ಚನ್ ಪೇಪರ್ ಮಾತಾಡಲ್ಲ ಸಾರ್.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಹುಡುಗಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. “ನನ್ ಹೆಸ್ರು ತೆಗ್ದಾಕ್ಬುಡ್ತೀರಾ ಮಿಸ್? ಅಪ್ಪ ಅಂಗ್ಡಿಗೆ ಬಂದೋರ್ಗೆಲ್ಲಾ ಹೇಳ್ಬುಟ್ಟವ್ರೆ.”

ಅವಳೆದುರಿಗೇ ಪ್ರಗತಿ ಪತ್ರದ ನನ್ನ ಸಹಿಯ ಮೇಲೆ ಗೀಟು ಎಳೆದುಹಾಕಿದೆ. ಹೆಸರು ಹಾಗೇ ಇರಲಿ ಅಂದೆ. ಮರುದಿನದಿಂದ ಶಾಲೆಗೆ ಮುಂಚೆ ದಿನಾ ಎರಡು ಗಂಟೆ ನನ್ನ ಮನೆಯ ಜಗಲಿಯಲ್ಲಿ ಕೂತು ಓದಿದೆವು: ಒತ್ತಕ್ಷರ, ಪದ, ವಾಕ್ಯ. ಐದು ವಾರ ಎಷ್ಟಕ್ಕಾದೀತು?

ಪರೀಕ್ಷೆಯ ದಿನ ಹಾಲ್ ಗೇಟಿನಲ್ಲಿ ಕಾದಿದ್ದೆ. ಸೀಟು ಸಿಗುವುದಿಲ್ಲವೆಂದು ಅವಳ ನಡಿಗೆ ನೋಡಿಯೇ ಗೊತ್ತಾಯಿತು.

“ಅರ್ಧ ಓದೋ ಅಷ್ಟ್ರಲ್ಲಿ ಬೆಲ್ ಹೊಡೆದ್ಬುಟ್ರು ಮಿಸ್,” ಅಂದಳು. “ಓದಿದ್ದೆಲ್ಲಾ ನಂಗೆ ಗೊತ್ತಿತ್ತು.”